ಬೆರಳಿಡದ ಮಾಸ್ತರ

ನಮ್ಮೂರಿನಲ್ಲಿ ಯಾರಾದರೂ ಬಿಳಿ ಪರದೆ ಕಟ್ಟಿದರೆ ಜನ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಈ ಸಲ ಏನು ಒಯ್ಯಾಕ ಬಂದಾರ?"

ಹಾಗೆ ಕೇಳಲು ಕಾರಣವಿತ್ತು. ನಾನು ಸಣ್ಣವನಿದ್ದಾಗ ಜೀಪಿನಲ್ಲಿ ಬಂದವರು ಗುಡಿಯ ಗೋಡೆಗೆ ಪರದೆ ಕಟ್ಟಿ ಸಣ್ಣ ಸಂಸಾರದ ಸುಖ ಎಂಥದು ಎಂದು ಪುಕ್ಕಟೆ ಸಿನಿಮಾ ತೋರಿಸಿದರು. ಅದರ ಹಿಂದೆಯೇ ಆಪರೇಷನ್ ಕ್ಯಾಂಪು ಬಂತು. ಗಂಡಸರೆಲ್ಲ ಜೋಳದ ಹೊಲ ಹೊಕ್ಕು ಅಡಗಿಕೊಂಡರು. ಮತ್ತೊಮ್ಮೆ ಬಂದವರು ಕಾಲುವೆಯ ಸಿನಿಮಾ ತೋರಿಸಿದರು. ಅದರಲ್ಲಿ ಎಲ್ಲಿಯದೋ ಊರಿನ ಹೆಣ್ಣುಮಕ್ಕಳು ಮೊಣಕಾಲು ಮಟ್ಟ ನೀರಿನಲ್ಲಿ ನಿಂತು ನಗುತ್ತಿದ್ದರು. ನಮ್ಮವರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಸರ್ವೇದವರು ಬಂದು ಹೊಲಗಳಲ್ಲಿ ಕಲ್ಲು ನೆಟ್ಟರು.

ಆ ಕಲ್ಲುಗಳಲ್ಲಿ ಕೆಲವು ನಮ್ಮ ಹೊಲದ ನಟ್ಟನಡುವೆ ಬಿದ್ದವು. ಅಪ್ಪನಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಕಾಗದ ಓದಿ ಹೇಳಿದವನು, "ಕಾಲುವೆ ಬದುವಿನ ಗುಂಟ ಹೋಗ್ತದ, ನಿನಗೇನೂ ತ್ರಾಸಿಲ್ಲ" ಅಂದಿದ್ದನಂತೆ. ಕಾಲುವೆ ಹೊಲವನ್ನು ಎರಡು ಹೋಳು ಮಾಡಿ ಹೋಯಿತು. ಕಾಗದದಲ್ಲಿ ಏನಿತ್ತು, ಅವನು ಓದಿದ್ದೇನು, ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಆತನ ನೆನಪಿನಲ್ಲಿ ಉಳಿದದ್ದು ಒಂದೇ ಚಿತ್ರ. ಓದುವಾಗ ಆ ಮನುಷ್ಯನ ಎರಡೂ ಕೈಗಳು ಕಾಗದದ ಅಂಚು ಹಿಡಿದಿದ್ದವು.

ಅಂದಿನಿಂದ ಅಪ್ಪ ಒಂದು ಪದ್ಧತಿ ಹಿಡಿದ. ತನಗೆ ಏನೇ ಓದಿ ಹೇಳುವವರು ಅಕ್ಷರದ ಕೆಳಗೆ ಬೆರಳಿಟ್ಟು ಓದಬೇಕು. ಬೆರಳು ಸರಿದಂತೆ ಬಾಯಿ ಆಡಬೇಕು. ಬೆರಳು ಮುಂದೆ ಹೋಗಿ ಬಾಯಿ ಹಿಂದೆ ಉಳಿದರೆ, "ತಡಿ, ಅಲ್ಲಿ ಏನೋ ನುಂಗಿದಿ" ಎಂದು ಕೈ ಹಿಡಿಯುತ್ತಿದ್ದ. ಇದು ನಮ್ಮ ಮನೆಗಷ್ಟೇ ನಿಲ್ಲಲಿಲ್ಲ. ಕಾಲುವೆಯ ಕೊನೆಗೆ ಹೊಲವಿದ್ದವರೆಲ್ಲ ಅದನ್ನೇ ಹಿಡಿದುಕೊಂಡರು. ಪೋಸ್ಟಿನವನಾಗಲಿ, ಸೊಸೈಟಿಯ ಕಾರಕೂನನಾಗಲಿ ನಮ್ಮ ಓಣಿಗೆ ಬಂದರೆ ಒಂದನೇ ಕ್ಲಾಸಿನ ಹುಡುಗರ ಹಾಗೆ ಬೆರಳಿಟ್ಟು ಓದಬೇಕಾಗುತ್ತಿತ್ತು. ಕಾರಕೂನನಿಗೆ ಸಿಟ್ಟು ಬರುತ್ತಿತ್ತು. ಬರಲಿ ಎನ್ನುತ್ತಿದ್ದರು ನಮ್ಮವರು.

ನನ್ನನ್ನು ಓದಿಸಿದ್ದೂ ಇದೇ ಕಾರಣಕ್ಕೆ, ಮನೆಯಲ್ಲೇ ಒಂದು ಬೆರಳಿರಲಿ ಎಂದು. ರಜೆಯಲ್ಲಿ ಕುರಿ ಕಾಯ್ದು, ಕಾಲುವೆಯ ಹೂಳು ತೆಗೆದು, ಶಹಾಪುರದ ಹಾಸ್ಟೆಲ್ಲಿನ ನೀರು ಸಾರು ಉಂಡು, ಯಾದಗಿರಿಯಲ್ಲಿ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಮೊದಲ ಪದವಿ. ನಮ್ಮ ಓಣಿಯಲ್ಲಿಯೂ ಮೊದಲನೆಯದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ನನಗೆ ಪುಕ್ಕಟೆ ಕೊಟ್ಟದ್ದಲ್ಲ ಅದು.

ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸರ್ ಮೈಸೂರು ಕಡೆಯವರು. ಅವರಿಗೆ ಸಿನಿಮಾದ ಹುಚ್ಚು. ಹೈದರಾಬಾದಿನ ಯಾವುದೋ ಸಂಘದಿಂದ ಸಿನಿಮಾದ ತಗಡಿನ ಡಬ್ಬಿಗಳನ್ನು ರೈಲಿಗೆ ಹಾಕಿಸಿ ತರಿಸುತ್ತಿದ್ದರು. ಅವನ್ನು ಯಾದಗಿರಿ ಸ್ಟೇಷನ್ನಿನಿಂದ ಬಿಡಿಸಿಕೊಂಡು ಬರುವ ಕೆಲಸ ನನ್ನದು. ಪಾರ್ಸಲ್ ಕೋಣೆಯಲ್ಲಿದ್ದವನು ಡಬ್ಬಿಯನ್ನು ಹೊರಳಿಸಿ ಹೊರಳಿಸಿ ನೋಡುತ್ತಿದ್ದ.

"ಯಾವ ಭಾಷಾ ಇದು?"

"ಸ್ಪ್ಯಾನಿಷ್ ರೀ."

"ಓಹೋ." ಅವನ ಮುಖದಲ್ಲಿ ಕಳ್ಳನಗೆ. "ಹೆಣ್ಮಕ್ಕಳನ್ನ ಹೊರಗ ಹಾಕಿ ತೋರಸ್ತೀರೇನು?"

"ಇಲ್ರಿ. ಬಡವರ ಸಿನಿಮಾ ಇದು."

"ಬಡವರನ್ನ ನೋಡಾಕ ಹೈದರಾಬಾದಿನಿಂದ ಡಬ್ಬಿ ತರಸ್ತೀರಾ? ಹೊರಗ ಪ್ಲಾಟ್‌ಫಾರ್ಮಿನಾಗ ನೋಡ್ರಲಾ!" ಎಂದು ಅವನು ನಂಬದೆಯೇ ಸಹಿ ಮಾಡಿಸಿಕೊಳ್ಳುತ್ತಿದ್ದ.

ಅವನ ಪ್ರಶ್ನೆ ನನ್ನದೂ ಆಗಿತ್ತು. ಆ ಸಿನಿಮಾಗಳಲ್ಲಿ ಸ್ಪೇನಿನವು ಕೆಲವು, ಸಮುದ್ರದಾಚೆ ಅದೇ ಭಾಷೆ ಆಡುವ ದೇಶಗಳವು ಹಲವು. ಒಂದರಲ್ಲಿ ಒಬ್ಬ ತಾಯಿ ಕಾಣೆಯಾದ ಮಗನ ಫೋಟೊ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗುತ್ತಿದ್ದಳು. ಎಲ್ಲ ಕಚೇರಿಗಳಲ್ಲೂ ಅವಳನ್ನು ಮರ್ಯಾದೆಯಿಂದ ಕೂಡಿಸಿ, ಮರ್ಯಾದೆಯಿಂದ ಕಳಿಸುತ್ತಿದ್ದರು. ಇನ್ನೊಂದು ಸ್ಪೇನಿನದು. ಆಳುವವನ ಸುದ್ದಿ ಅದರಲ್ಲಿ ಬರುವುದೇ ಇಲ್ಲ. ಆದರೆ ಊಟಕ್ಕೆ ಕೂತ ಮನೆಮಂದಿಯಲ್ಲಿ ಒಬ್ಬರೂ ಪೂರಾ ವಾಕ್ಯ ಆಡುವುದಿಲ್ಲ. ಅರ್ಧಕ್ಕೆ ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಾರೆ. ನಮ್ಮೂರಿನ ಗೌಡರು ಓಣಿಯಲ್ಲಿ ಹಾಯ್ದುಹೋಗುವಾಗ ನಮ್ಮ ಕಟ್ಟೆಯ ಮೇಲಿನ ಮಾತೂ ಹೀಗೆಯೇ ಅರ್ಧಕ್ಕೆ ನಿಲ್ಲುತ್ತಿತ್ತು.

ಒಮ್ಮೆ ಸರ್‌ಗೆ ಕೇಳಿಯೇಬಿಟ್ಟೆ. "ಇವನ್ನ ನಮಗ ಯಾಕ ತೋರಸ್ತೀರಿ ಸರ್?"

"ಯಾಕಯ್ಯಾ, ಚೆನ್ನಾಗಿಲ್ವಾ?"

"ಚಂದ ಅದಾವ್ರಿ. ಅದಕ್ಕೇ ಕೇಳಾಕತ್ತೀನಿ."

ಅವರು ನಕ್ಕರು. ಉತ್ತರ ಹೇಳಲಿಲ್ಲ. ಉತ್ತರ ಹೇಳದವರನ್ನು ನಾನು ಪೂರ್ತಿ ನಂಬುವುದಿಲ್ಲ. ಸರ್ ಒಳ್ಳೆಯವರೇ. ಆದರೂ ಮನಸ್ಸಿನ ಮೂಲೆಯಲ್ಲಿ, ಇವರು ಏನು ಒಯ್ಯಲು ಬಂದಿರಬಹುದು ಎಂಬ ಹುಳ ಇದ್ದೇ ಇತ್ತು.

ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವರೇ ಹೇಳಿದರು. "ನೀರಿನ ಜಗಳದ್ದೊಂದು ಸಿನಿಮಾ ಬಂದಿದೆ. ನಿಮ್ಮೂರಲ್ಲಿ ತೋರಿಸೋಣ. ಕೆಳಗಡೆ ಇಂಗ್ಲಿಷ್‌ನಲ್ಲಿ ಬರುತ್ತಲ್ಲ, ಅದನ್ನು ನೀನು ಮೈಕಿನಲ್ಲಿ ಕನ್ನಡದಲ್ಲಿ ಹೇಳು."

ಸಿನಿಮಾ ನಮ್ಮೂರಿಗೆ ಹೇಳಿ ಮಾಡಿಸಿದ ಹಾಗಿತ್ತು. ಬೆಟ್ಟದ ಊರು. ಮೇಲೆ ಧಣಿಯ ತೋಟ, ಕೆಳಗೆ ಬಡವರ ಹೊಲ. ನಡುವೆ ತೂಬಿಗೊಂದು ಗೇಟು. ಸರ್ಕಾರದ ನೋಟೀಸು ಬರುತ್ತದೆ. ಶಾಲೆಯ ಮಾಸ್ತರ ಅದನ್ನು ಊರ ನಡುವೆ ನಿಂತು ಓದಿ ಹೇಳುತ್ತಾನೆ. ಜನ ಎದುರು ನಿಲ್ಲುತ್ತಾರೆ. ಸಿಪಾಯಿಗಳು ಬಂದು ಮಾಸ್ತರನನ್ನು ಒಯ್ಯುತ್ತಾರೆ.

ನಮ್ಮ ಗೇಟಿನ ಕಥೆಯೂ ಹೇಳಬೇಕು. ನಮ್ಮ ಕಡೆಗೆ ಬರುವ ಮರಿಗಾಲುವೆಯ ಗೇಟಿಗೆ ಕೀಲಿ ಇತ್ತು. ಅದು ಇರಬೇಕಾದದ್ದು ಗೇಟು ನೋಡಿಕೊಳ್ಳುವ ನೌಕರನ ಹತ್ತಿರ. ಇದ್ದದ್ದು ಗೌಡರ ಅಂಗಿಯ ಕಿಸೆಯಲ್ಲಿ, ಕರಿ ದಾರದಿಂದ ಗುಂಡಿಗೆ ಕಟ್ಟಿ. ಮೇಲೆ ಅವರ ಹೊಲ. ಭತ್ತ ಹಚ್ಚಬಾರದೆಂದು ನೀರಾವರಿಯವರು ಹೇಳಿದ್ದ ಜಾಗದಲ್ಲಿ ಭತ್ತ. ಕೆಳಗಿನ ನಮಗೆ ಪಾಳಿಯ ಪ್ರಕಾರ ನೀರು ಬಿಡಬೇಕು. ಆದರೆ ಪಾಳಿ ಬಂದಾಗೆಲ್ಲ ಗೌಡರಿಗೆ ಒಂದು ಲಗ್ನವೋ ಕೋರ್ಟಿನ ಕೆಲಸವೋ ಬಂದು, ಕೀಲಿಯೂ ಅವರೊಂದಿಗೆ ಊರು ಬಿಡುತ್ತಿತ್ತು.

ಕತ್ತಲಾಗುತ್ತಲೇ ಗುಡಿಯ ಗೋಡೆಗೆ ಪರದೆ ಕಟ್ಟಿದೆವು. ಜನ ಬಂದರು, ಆದರೆ ಮಕ್ಕಳನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತರು. ಗೌಡರಿಗೆ ಮುಂದೆ ಕುರ್ಚಿ. ನಾನು ಪರದೆಯ ಪಕ್ಕ ಮೈಕು ಹಿಡಿದು ನಿಂತೆ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದೆ. ಅಪ್ಪ ಕಂಬಳಿ ಹಾಸಿ ನನ್ನೆದುರೇ ಕೂತಿದ್ದ.

ಸಿನಿಮಾ ಸುರುವಾಯಿತು. ಪರದೆಯ ಮೇಲೊಬ್ಬಳು ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ಅಂಗೈಯಲ್ಲಿ ಬಡಿಯತೊಡಗಿದಳು.

"ಅಯ್ಯ, ನಮ್ಮಂಗನ ಬಡೀತಾಳಲ್ಲವ್ವಾ!" ಎಂದಳು ಹಿಂದಿನಿಂದ ಒಬ್ಬಾಕೆ.

"ನಿನ್ನಕಿಂತ ದುಂಡಗ ಬಡೀತಾಳ," ಎಂದ ಅವಳ ಗಂಡ.

"ಹಂಗಾರ ಅಕೀ ಮನಿಗೇ ಹೋಗು ಉಣ್ಣಾಕ."

ನಗೆ ಎದ್ದಿತು. ಮಡಿಲಿನ ಮಕ್ಕಳನ್ನು ಬಿಟ್ಟರು. ಅರ್ಧ ಸಿನಿಮಾ ಚೆನ್ನಾಗಿಯೇ ನಡೆಯಿತು. ಆಮೇಲೆ ಕೆಳಗಿನ ಹೊಲದವರು ಧಣಿಯ ಅಂಗಳಕ್ಕೆ ಬಂದು ನೀರು ಕೇಳುತ್ತಾರೆ. ಧಣಿ ಕುರ್ಚಿಯಲ್ಲಿ ಕೂತು ತನ್ನ ಆಳಿಗೆ ಒಂದು ಮಾತು ಹೇಳುತ್ತಾನೆ. ಪರದೆಯ ಕೆಳಗೆ ಬಂದ ಅಕ್ಷರ ಓದಿ ನಾನು ಮೈಕಿನಲ್ಲಿ ಹೇಳಿದೆ: "ಇವರಿಗೆ ಇವತ್ತು ನೀರು ಕೊಟ್ಟರ, ನಾಳೆ ನಮ್ಮ ನೆರಳಿನಾಗ ಕುರ್ಚಿ ಕೇಳ್ತಾರ."

ಇಡೀ ಅಂಗಳ ಹೋ ಎಂದು ನಕ್ಕಿತು. ಎಲ್ಲರ ಮುಖ ಗೌಡರ ಕುರ್ಚಿಯ ಕಡೆ ತಿರುಗಿತು. ಯಾಕೆಂದರೆ ಗೇಟಿನ ಹತ್ತಿರ ನಮ್ಮವರು ಪಾಳಿ ಕೇಳಲು ಹೋದಾಗ ಗೌಡರೂ ಇಂಥದೇ ಒಂದು ಮಾತು ಆಡಿದ್ದರು, ಕುರ್ಚಿಯ ಬದಲು ಕಟ್ಟೆ ಎಂದಿದ್ದರು, ಅಷ್ಟೇ.

ಗೌಡರು ಎದ್ದರು. "ಬಂದ್ ಮಾಡ್ರಿ! ಆ ದೇಶದಾವನಿಗೆ ನಮ್ಮ ಗೇಟಿನ ಸುದ್ದಿ ಯಾರು ಹೇಳ್ಯಾರ? ಇದು ಅವ ಅಂದ ಮಾತಲ್ಲ, ಈ ಬಿ.ಎ. ಅಂದ ಮಾತು."

ಮರುದಿನ ಗೌಡರ ಆಳು ಬಂದು ಅಪ್ಪನಿಗೆ ಹೇಳಿ ಹೋದ. ಮಗ ಗುಡಿ ಮುಂದೆ ನಿಂತು, ಆ ಮಾತು ನಾನೇ ಕೂಡಿಸಿದ್ದು ಅನ್ನಬೇಕು. ಅಲ್ಲಿಯವರೆಗೆ ಕೆಳಗಿನವರ ಪಾಳಿ ಬಂದ್. ನಮ್ಮ ಹೊಲಗಳಲ್ಲಿ ಆಗ ಶೇಂಗಾ ಹೂ ಬಿಟ್ಟಿತ್ತು.

ಅಪ್ಪ ಪುಂಡಿ ನಾರಿನ ಹಗ್ಗ ಹೊಸೆಯುತ್ತ ಕೂತಿದ್ದ. ತಲೆ ಎತ್ತದೆ ಕೇಳಿದ.

"ಖರೇ ಹೇಳು. ಆ ಮಾತು ಅವ ಅಂದಾನೋ, ನೀ ಅಂದೀಯೋ?"

"ಅವನೇ ಅಂದಾನಪ್ಪಾ. ಅಕ್ಷರದಾಗ ಇತ್ತು."

"ಎಲ್ಲಿತ್ತು?"

"ಪರದೆ ಕೆಳಗ ಬಿಳಿ ಅಕ್ಷರ ಬರ್ತಾವಲ್ಲ, ಅಲ್ಲಿ."

"ಬೆರಳಿಟ್ಟು ತೋರಸ್ತೀಯೇನು?"

"ಹೆಂಗ ತೋರಸ್ಲಿ? ಬಂದಿದ್ದು ಬಂದಂಗ ಹೋಗಿಬಿಡ್ತಾವ."

"ಹೋದ ಅಕ್ಷರಕ್ಕ ಸಾಕ್ಷಿ ಯಾರು?"

ನನಗೆ ಸಿಟ್ಟು ತಲೆಗೇರಿತು. "ಇಷ್ಟೆಲ್ಲ ಓದಿಸಿ ನನ್ನ ನಂಬಲ್ಲೇನು?"

"ಓದಿದವರನ್ನ ನಂಬಬಾರದಂತನ ನಿನ್ನ ಓದಿಸಿದ್ದು. ಈಗ ನೀನೂ ಓದಿದಾವ ಆದಿ."

ಒಲೆಯ ಮುಂದಿನಿಂದ ಅವ್ವ ಬೈದಳು. "ಹೆತ್ತ ಮಗನ ಮುಖ ನೋಡಿದರ ಗೊತ್ತಾಗಲ್ಲೇನು ನಿನಗ?"

"ಆ ಕಾಗದ ಓದಿದವನ ಮುಖಾನೂ ಚಂದನ ಇತ್ತು," ಎಂದ ಅಪ್ಪ.

ನೀರು ಬರಲಿ ಬಿಡಲಿ, ನನಗೆ ಬೇಕಾಗಿದ್ದದ್ದು ಒಂದೇ. ಅಪ್ಪ ಒಮ್ಮೆ, ನೀ ಸುಳ್ಳಾಡಿಲ್ಲ ಅನ್ನಬೇಕು. ಅವನು ಅನ್ನಲಿಲ್ಲ. ನನ್ನ ಪದವಿಯ ತೂಕ ಅಲ್ಲಿಗೆ ಅಷ್ಟೇ ಎನಿಸಿತು.

ಅವತ್ತೇ ಅಪ್ಪ ಗೌಡರ ಮನೆಗೆ ಹೋಗಿ ಒಂದು ಕರಾರು ಇಟ್ಟು ಬಂದ. ಅದೇ ಸಿನಿಮಾ ಮತ್ತೊಮ್ಮೆ ತೋರಿಸುವುದು, ಈ ಸಲ ಗೌಡರ ಕಡೆಯವರೇ ಮೈಕಿನಲ್ಲಿ ಹೇಳುವುದು, ಎರಡು ಬಾಯಿಯಿಂದ ಒಂದೇ ಮಾತು ಬಂದರೆ ಪಾಳಿ ಬಿಡುವುದು. ಗೌಡರು ಒಪ್ಪಿದರು. ಅವರ ಅಳಿಯ ಸುರಪುರದಲ್ಲಿ ವಕೀಲ, ಇಂಗ್ಲಿಷ್ ಬಲ್ಲವ. ಗೌಡರು ಇಷ್ಟು ಬೇಗ ಒಪ್ಪಿದ್ದಕ್ಕೆ ನಮ್ಮ ಓಣಿಯವರಿಗೆಲ್ಲ ಮತ್ತೆ ಸಂಶಯ. ಸರ್‌ಗೂ ಸಂಶಯ. "ಹೊಡೆದಾಟ ಆಗೋದಿಲ್ಲ ತಾನೇ?" ಎಂದು ಕೇಳಿದರು. "ಗೊತ್ತಿಲ್ರಿ ಸರ್" ಎಂದೆ. ಡಬ್ಬಿ ವಾಪಸು ಕಳಿಸುವುದನ್ನು ತಡೆದು ಅವರು ಬಂದರು.

ಅಳಿಯ ಮೈಕು ಹಿಡಿದ. ನಾನು ಕೆಳಗೆ ಅಪ್ಪನ ಕಂಬಳಿಯ ತುದಿಯಲ್ಲಿ ಕೂತೆ. ಮೊದಮೊದಲು ಅವನು ನನಗಿಂತ ಚೆನ್ನಾಗಿಯೇ ಹೇಳಿದ, ಕೋರ್ಟಿನ ದನಿ. ಧಣಿಯ ಅಂಗಳದ ದೃಶ್ಯ ಬಂತು. ಅಕ್ಷರ ಬಂತು, ಎರಡು ಸಾಲು ತುಂಬ. ಅಳಿಯ ಗಂಟಲು ಸರಿಮಾಡಿಕೊಂಡು ಹೇಳಿದ: "ಧಣಿ ಅಂತಾನ, ನೀರಿನ ವಿಷಯ ವಿಚಾರ ಮಾಡೋಣು."

ನಾನು ಎದ್ದು ನಿಂತೆ. "ಎರಡು ಸಾಲು ಇತ್ತು ಅಲ್ಲಿ! ಅರ್ಧ ಸಾಲು ಹೇಳೀರಿ!"

"ನಿನ್ನ ಬಿ.ಎ. ಮನ್ಯಾಗ ಇಟ್ಟುಕೋ," ಎಂದ ಅವನು.

ಅಂಗಳ ಎದ್ದಿತು. ಕೆಲವರು ನನ್ನ ಕಡೆ, ಕೆಲವರು ಅವನ ಕಡೆ. ಸರ್ ಮಷಿನ್ ನಿಲ್ಲಿಸಿ ಅದರ ಮುಂದೆ ಅಡ್ಡ ನಿಂತರು. ಆಗ ಅಪ್ಪ ಕಂಬಳಿ ಕೊಡವಿ ಎದ್ದ.

"ಓದಿದವರು ಇಬ್ಬರೂ ಸುಮ್ಮ ಕೂಡ್ರಿ. ಮೈಕ್ ಬಂದ್ ಮಾಡ್ರಿ. ನಮಗ ಕಣ್ಣಿಲ್ಲೇನು? ನಾವು ನೋಡ್ತೀವಿ."

ಸಿನಿಮಾ ಮತ್ತೆ ಮೊದಲಿಂದ ಹತ್ತಿತು, ಈ ಸಲ ಅದರದೇ ಭಾಷೆಯಲ್ಲಿ ಮಾತ್ರ. ನಮ್ಮೂರ ಗುಡಿಯ ಅಂಗಳದಲ್ಲಿ ಸ್ಪ್ಯಾನಿಷ್ ಮಾತು ಗಟ್ಟಿಯಾಗಿ ಕೇಳಿಸಿತು. ಮೊದಲ ಸಲ ಜನ ನನ್ನ ಬಾಯಿ ನೋಡಿದ್ದರು. ಈಗ ಪರದೆ ನೋಡಿದರು. ಅಕ್ಷರ ಓದುವ ಕೆಲಸವಿಲ್ಲದ್ದರಿಂದ ನಾನೂ ಪರದೆಯ ಮೇಲುಭಾಗವನ್ನು ಅವತ್ತೇ ಮೊದಲ ಸಲ ಸರಿಯಾಗಿ ನೋಡಿದೆ. ಧಣಿಯ ನಡುಪಟ್ಟಿಯಲ್ಲಿ ಗೇಟಿನ ಕೀಲಿ ತೂಗುತ್ತಿತ್ತು. ಉಣ್ಣುವಾಗ, ದೇವರ ಮುಂದೆ ಕೈ ಮುಗಿಯುವಾಗ, ನಗುವಾಗ, ಎಲ್ಲ ಕಡೆಯೂ ಅದು ಕಾಣುತ್ತಿತ್ತು. ಅದರ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಆಡದ್ದಕ್ಕೆ ಕೆಳಗೆ ಅಕ್ಷರವೂ ಬರುವುದಿಲ್ಲ.

"ಕೀಲಿ ನೋಡ ಅವನ ನಡದಾಗ," ಎಂದಳು ರೊಟ್ಟಿಯ ಮಾತಾಡಿದಾಕೆ, ಮೆಲ್ಲಗೆ. ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿತು. ಗೌಡರ ಕೈ ತಾನಾಗಿ ಅಂಗಿಯ ಕಿಸೆಗೆ ಹೋಯಿತು. ಶಲ್ಯವನ್ನು ಎದೆಯ ಮೇಲೆ ಎಳೆದುಕೊಂಡರು. ಕರಿ ದಾರ ಆಗಲೇ ಎಲ್ಲರಿಗೂ ಕಂಡಿತ್ತು.

ಮಾಸ್ತರ ನೋಟೀಸು ಓದುವ ದೃಶ್ಯ ಬಂದಾಗ ಅಪ್ಪ ಕೂಗಿದ. "ತಡೀರಿ! ಆ ಚೂರು ಮತ್ತ ತೋರಸ್ರಿ."

ಸರ್ ಗೊಣಗುತ್ತ ರೀಲು ಹಿಂದೆ ಸುತ್ತಿದರು. ಮಾಸ್ತರ ಮತ್ತೆ ಬಂದು ನಿಂತ. ತೆಳ್ಳನೆಯ ಮನುಷ್ಯ, ಕನ್ನಡಕ. ಎರಡೂ ಕೈಯಲ್ಲಿ ಕಾಗದದ ಅಂಚು ಹಿಡಿದು ಎದೆಯ ಮಟ್ಟಕ್ಕೆ ಎತ್ತಿ ಗಟ್ಟಿಯಾಗಿ ಓದಿದ.

"ಬೆರಳಿಲ್ಲ," ಎಂದ ಅಪ್ಪ.

"ಹೌದಲ್ಲ, ಬೆರಳಿಲ್ಲ!" ಎಂದರು ಹಿಂದಿನವರು. "ಬೆರಳಿಡದ ಓದ್ಯಾನ ಮಗ! ಇವನೇ ಮುರಿದಾನ ಮನಿ. ಧಣಿ ಕಡೆಯವ ಇವ."

ನಾನು ತಲೆ ತಲೆ ಚಚ್ಚಿಕೊಂಡೆ. ಆ ಸಿನಿಮಾದ ನಾಯಕನೇ ಆ ಮಾಸ್ತರ! ಅವನನ್ನೇ ಸಿಪಾಯಿಗಳು ಒಯ್ಯುತ್ತಾರೆ. ಅದನ್ನು ಮಾಡಿದವರು ನೋಡಿದ್ದರೆ ಅತ್ತುಬಿಡುತ್ತಿದ್ದರೇನೋ. ಆದರೆ ಕಾಲುವೆಯ ಕೊನೆಯ ಹೊಲದವರಿಗೆ ಬೆರಳಿಡದೆ ಓದಿದವನು ಒಳ್ಳೆಯವನಾಗುವುದು ಸಾಧ್ಯವೇ ಇರಲಿಲ್ಲ.

ಜನ ಓದಿದವನ ಮೇಲೆಯೇ ತಿರುಗಿಬಿದ್ದದ್ದು ಗೌಡರಿಗೆ ಅನುಕೂಲ ಎನಿಸಿತು. ಎದ್ದು ನಿಂತರು. "ಆ ಮಾಸ್ತರನ ಮಾತು ಸಾಕು. ನನ್ನ ಮಾತು ತೀರಸು. ನಿನ್ನ ಮಗ ಸುಳ್ಳು ಹೇಳ್ಯಾನೋ ಇಲ್ಲೋ?"

ಅಪ್ಪ ನನ್ನನ್ನು ನೋಡಲಿಲ್ಲ.

"ನನಗ ಗೊತ್ತಿಲ್ರಿ ಗೌಡ್ರ. ಅವ ಓದಿದ್ದಕ್ಕೂ ಸಾಕ್ಷಿ ಇಲ್ಲ, ನಿಮ್ಮ ಅಳಿಯಂದಿರು ಓದಿದ್ದಕ್ಕೂ ಇಲ್ಲ. ಮಾತು ಬಿಟ್ಟು ಬಿಡ್ರಿ. ಕೀಲಿ ಮಾತ್ರ ಎಲ್ಲಾರೂ ನೋಡ್ಯಾರ."

"ಯಾರ ಕೀಲಿ?"

"ಅವನದೂ ನೋಡ್ಯಾರ. ನಿಮ್ಮದೂ ನೋಡ್ಯಾರ."

ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಗೌಡರು ಹೋದರು. ಕುರ್ಚಿ ಹೊತ್ತುಕೊಂಡು ಆಳು ಹಿಂದೆ ಹೋದ. ಉಳಿದವರು ಸಿನಿಮಾವನ್ನು ಕೊನೆಯತನಕ ನೋಡಿಯೇ ಎದ್ದರು.

ಬೆಳಗಾಗುವುದರಲ್ಲಿ ಗೇಟಿನ ಕೀಲಿ ಗುಡಿಯ ಬಾಗಿಲಿನ ಮೊಳೆಗೆ ತೂಗುತ್ತಿತ್ತು, ಕರಿ ದಾರದ ಸಮೇತ. ಖುಷಿಪಡುವ ಬದಲು ನಮ್ಮವರು, "ಇನ್ನೊಂದು ಕೀಲಿ ಮನ್ಯಾಗ ಇಟ್ಟಿರ್ತಾನ" ಎಂದರು. ನೀರು ಕೊನೆಯ ಹೊಲ ಮುಟ್ಟುವವರೆಗೆ ಅಪ್ಪ ಬುತ್ತಿ ಕಟ್ಟಿಕೊಂಡು ಗೇಟಿನ ಮೇಲೆಯೇ ಕೂತ. ಇನ್ನೊಂದು ಕೀಲಿ ಇತ್ತೋ ಇಲ್ಲವೋ ನನಗೆ ತಿಳಿಯದು. ಆ ಸಲದ ಶೇಂಗಾ ಮಾತ್ರ ಬಂತು.

ನನಗೆ ಬಂದದ್ದೇನು? ತುಂಬಿದ ಅಂಗಳದಲ್ಲಿ ನನ್ನಪ್ಪ ನನ್ನ ಮಾತಿಗೆ ಸಾಕ್ಷಿ ಇಲ್ಲ ಎಂದ. ಗುಲ್ಬರ್ಗಕ್ಕೆ ಹೋಗಿ ಎಂ.ಎ. ಮಾಡಿದೆ, ಸುರಪುರದ ಕಾಲೇಜಿನಲ್ಲಿ ಮೇಷ್ಟ್ರಾದೆ. ಊರಿಗೆ ಹೋದಾಗೆಲ್ಲ ಆ ಮಾಸ್ತರನ ಮೇಲೆ ಅಪ್ಪನಿಗೂ ನನಗೂ ಜಗಳ.

"ಸಿಪಾಯಿಗಳು ಒಯ್ದರಲ್ಲಪ್ಪಾ ಅವನನ್ನ!"

"ಹೆಂಗ ಒಯ್ದರು? ಜೀಪಿನ ಮುಂದಿನ ಸೀಟಿನಾಗ ಕುಂದ್ರಿಸಿಕೊಂಡು ಒಯ್ದರು. ಕಳ್ಳನ್ನ ಯಾರಾದರೂ ಮುಂದ ಕುಂದ್ರಸ್ತಾರೇನು?"

"ನಾ ಸುಳ್ಳು ಹೇಳೀನಿ ಅಂತ ಇನ್ನೂ ಅನಸ್ತದೇನು ನಿನಗ?"

"ನೀ ಆ ಮಾಸ್ತರನ್ನ ಒಳ್ಳೆಯವ ಅಂದಿ. ಅಲ್ಲೇ ನನಗ ಸಂಶಯ."

ಕಳೆದ ವರ್ಷ ಆ ಸಿನಿಮಾ ಕಂಪ್ಯೂಟರಿನಲ್ಲಿ ಸಿಕ್ಕಿತು. ಅಪ್ಪ ಈಗ ಸುರಪುರದಲ್ಲಿ ನಮ್ಮೊಂದಿಗೇ ಇದ್ದಾನೆ. ಕಣ್ಣು ಇನ್ನೂ ಚುರುಕು. ಅವನನ್ನು ಪಕ್ಕಕ್ಕೆ ಕೂಡಿಸಿಕೊಂಡು, ಧಣಿಯ ಅಂಗಳದ ದೃಶ್ಯ ಬಂದಾಗ ಸಿನಿಮಾವನ್ನು ನಿಲ್ಲಿಸಿದೆ. ಧಣಿ ಕುರ್ಚಿಯಲ್ಲಿ ಬಾಯಿ ತೆರೆದಂತೆಯೇ ಉಳಿದ. ಕೆಳಗಿನ ಎರಡು ಸಾಲು ಓಡಿಹೋಗದೆ ನಿಂತವು.

ನಾನು ಗಾಜಿನ ಮೇಲೆ ಬೆರಳಿಟ್ಟೆ. ಕಾಲೇಜಿನಲ್ಲಿ ಪಾಠ ಹೇಳುವ ನಾನು, ಒಂದನೇ ಕ್ಲಾಸಿನ ಹುಡುಗನ ಹಾಗೆ, ಅಕ್ಷರದ ಕೆಳಗೆ ಬೆರಳು ಸರಿಸುತ್ತ ಒಂದೊಂದೇ ಶಬ್ದ ಕನ್ನಡದಲ್ಲಿ ಹೇಳಿದೆ. ಇವತ್ತು. ನೀರು. ನಾಳೆ. ನೆರಳು. ಕುರ್ಚಿ. ಅಪ್ಪ ಧಣಿಯನ್ನು ನೋಡಲಿಲ್ಲ. ನನ್ನ ಬೆರಳನ್ನೇ ನೋಡುತ್ತಿದ್ದ, ನಡುನಡುವೆ ನನ್ನ ಬಾಯಿಯನ್ನು. ಎರಡನೇ ಸಾಲಿನ ಕೊನೆಗೆ ಬೆರಳೂ ಬಾಯಿಯೂ ಒಟ್ಟಿಗೇ ನಿಂತವು.

"ಹೂಂ," ಎಂದ. ಆ ಹೂಂಕಾರಕ್ಕೆ ನಾನು ಇಷ್ಟು ವರ್ಷ ಕಾದಿದ್ದೆ. ಆಮೇಲೆ ಮೊಣಕೈಯಿಂದ ನನ್ನನ್ನು ತಿವಿದು, "ಮುಂದ ನಡಿ. ಆ ಮಾಸ್ತರ ಬರಲಿ," ಎಂದ.

ಮಾಸ್ತರ ಬಂದ. ನಿಲ್ಲಿಸಿದೆ. ಎರಡು ಕೈ, ಕಾಗದದ ಎರಡು ಅಂಚು. ಈ ಸಲ ನಾನು ಅವನ ಕಡೆಯಿಂದ ವಾದಿಸಲು ಬಾಯಿ ತೆರೆದೆ, ತೆರೆದವನು ಆ ಕೈಗಳನ್ನೇ ನೋಡುತ್ತ ಕೂತೆ.